ತೂಕಡಿಸುವ ಟವರು

ಖಾಲಿ ಚೌಟ್ರಿಯಲ್ಲಿ ಲೈಟು ಉರಿಯುತ್ತಿದ್ದರೆ ಚಾಮುಂಡೇಶ್ವರಿಗೆ ಚಿಕ್ಕಂದಿನಿಂದಲೂ ಹೊಟ್ಟೆ ಉರಿಯುತ್ತಿತ್ತು. ಅವಳಪ್ಪ ಹುಚ್ಚಯ್ಯ ಮದುವೆಗಳಿಗೆ ಜನರೇಟರು ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ. ರಜೆಯಲ್ಲಿ ಅಪ್ಪನ ಜೊತೆ ಟೆಂಪೋ ಹತ್ತಿ ಹೋಗುತ್ತಿದ್ದ ಹುಡುಗಿ, ಕೊನೆಯ ಪಂಕ್ತಿ ಎದ್ದು, ಬೀಗರ ಬಸ್ಸು ಹೊರಟು, ಅಡುಗೆಯವರು ಕೊಪ್ಪರಿಗೆ ಉಜ್ಜುತ್ತಿದ್ದ ಹೊತ್ತಿನಲ್ಲೂ ಹಾಲಿನ ಅಷ್ಟೂ ಫ್ಯಾನುಗಳು ಖಾಲಿ ಕುರ್ಚಿಗಳಿಗೆ ಗಾಳಿ ಬೀಸುವುದನ್ನು ನೋಡುತ್ತಿದ್ದಳು. ಹೊರಗೆ ಜನರೇಟರು ಡೀಸೆಲ್ ಕುಡಿದು ಕಪ್ಪು ಹೊಗೆ ಕಾರುತ್ತಿತ್ತು.

"ಯಾರೂ ಇಲ್ವಲ್ಲಪ್ಪ, ಆರಿಸ್ಬುಡನ?" ಅಂದರೆ ಹುಚ್ಚಯ್ಯ ನಗುತ್ತಿದ್ದರು. "ಅದು ಮದ್ವೆಯೋರ ಇಷ್ಟ ಕಣವ್ವ. ನಮ್ದು ಎಣ್ಣೆ ಹಾಕೋ ಕೆಲ್ಸ."

ಹುಡುಗಿ ಬೆಳೆದಳು, ಇಂಜಿನಿಯರಾದಳು, ಒಂದು ಮೊಬೈಲ್ ಕಂಪನಿಯ ಮೈಸೂರು ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಯಾದವಗಿರಿಯ ಬಂಗಲೆಗಳ ನಡುವೆ, ಮರಗಳ ಮರೆಯಲ್ಲಿದ್ದ ಆ ಕಟ್ಟಡಕ್ಕೆ ಹೊರಗಡೆ ಬೋರ್ಡೂ ಇರಲಿಲ್ಲ. ಒಳಗೆ ಮಾತ್ರ ಅರ್ಧ ಊರಿನ ಫೋನುಗಳ ಮಾತು ಹಾದುಹೋಗುತ್ತಿತ್ತು. ಮೊದಲು ಪ್ರತಿಯೊಂದು ಟವರಿನ ಬುಡದಲ್ಲೂ ಒಂದು ಕೋಣೆ, ಕೋಣೆಯೊಳಗೆ ಲೆಕ್ಕಾಚಾರ ಮಾಡುವ ಒಂದು ಮಿದುಳು, ಆ ಮಿದುಳು ಕಾಯದಂತೆ ಒಂದು ಏಸಿ ಇರುತ್ತಿತ್ತು. ಈಗ ಮಿದುಳುಗಳನ್ನೆಲ್ಲ ಕಿತ್ತು ಯಾದವಗಿರಿಯ ಒಂದೇ ಹಾಲಿಗೆ ತಂದು ಸಾಲಾಗಿ ಕೂರಿಸಿದ್ದರು. ಟವರಿನ ನೆತ್ತಿಯ ಮೇಲೆ ಉಳಿದದ್ದು ಬಾಯಿ, ಕಿವಿ ಅಷ್ಟೇ. ಕಂಪನಿಯವರು ಇದನ್ನು ಕ್ಲೌಡು ಅನ್ನುತ್ತಿದ್ದರು. ಮಗಳು ಇದನ್ನು ವಿವರಿಸಿದ ದಿನ ಅವಳಮ್ಮ ಮಾದೇವಮ್ಮ, "ಮೋಡ ಅಂತೀಯ, ಮತ್ತೆ ಬೀಗ ಹಾಕಿ ಕ್ವಾಣೇಲಿ ಮಡಗಿವ್ನಿ ಅಂತೀಯ. ಯಾವುದ್ನ ನಂಬಲವ್ವ?" ಎಂದು ಕೇಳಿದ್ದಳು.

ಬಾಯಿ ಕಿವಿಗಳೇನೂ ಬಿಟ್ಟಿ ಬದುಕುತ್ತಿರಲಿಲ್ಲ. ಕೇಳುವವರಿರಲಿ ಇಲ್ಲದಿರಲಿ, ಹಗಲು ಇರುಳು ಒಂದೇ ಸಮನೆ ಕೂಗುತ್ತ ಕರೆಂಟು ನುಂಗುತ್ತಿದ್ದವು. ಚಾಮುಂಡೇಶ್ವರಿಗೆ ಅದು ಥೇಟು ಮದುವೆ ಮುಗಿದ ಚೌಟ್ರಿಯ ಹಾಗೇ ಕಂಡಿತು. ಅವಳೊಂದು ಪ್ರೋಗ್ರಾಮು ಬರೆದಳು. ಎಲ್ಲಿ ಬಳಕೆ ತೀರಾ ಕಡಿಮೆ ಇದೆಯೋ ಅಲ್ಲಿನ ಟವರನ್ನು ಯಾದವಗಿರಿಯಿಂದಲೇ ಮಲಗಿಸಬೇಕು. ಅಕ್ಕಪಕ್ಕದ ಟವರುಗಳು ದನಿ ಸ್ವಲ್ಪ ಏರಿಸಿ ಅದರ ಕೇರಿಯನ್ನೂ ನೋಡಿಕೊಳ್ಳಬೇಕು. ಬಳಕೆ ಹೆಚ್ಚಿದರೆ ಎಬ್ಬಿಸಬೇಕು. ಇಷ್ಟೇ ಉಪಾಯ.

ಅವಳ ಮೇಲಧಿಕಾರಿ ವಾಗೀಶ ಯಾವುದಕ್ಕೂ ದಿಢೀರನೆ ಹೂಂ ಅನ್ನುವವರಲ್ಲ. ಅರಮನೆಯಲ್ಲಿ ಲೆಕ್ಕಪತ್ರ ಬರೆದ ವಂಶ; ಆ ಎಚ್ಚರಿಕೆ ರಕ್ತದಲ್ಲೇ ಇಳಿದು ಬಂದಿತ್ತೋ ಏನೋ. ಅವಳ ಪ್ರೋಗ್ರಾಮನ್ನು ಎರಡು ಸಲ ಓದಿಸಿ, ನಾಲ್ಕು ಕಡೆ ಪ್ರಶ್ನೆ ಹಾಕಿ, ಕಡೆಗೆ "ಕುವೆಂಪುನಗರದಲ್ಲಿ ಶುರು ಮಾಡಿ. ಮಧ್ಯಾಹ್ನ ಮಾತ್ರ" ಎಂದರು.

ಕುವೆಂಪುನಗರದ ಮಧ್ಯಾಹ್ನ ಅವಳಿಗೆ ಗೊತ್ತಿದ್ದದ್ದೇ, ಅವಳ ಮನೆ ಇದ್ದದ್ದೂ ಅಲ್ಲೇ. ಬೆಳಿಗ್ಗೆ ಸ್ಕೂಟರುಗಳ ಜಾತ್ರೆ ಮುಗಿದು, ಮಕ್ಕಳು ಶಾಲೆ ಸೇರಿ, ದೊಡ್ಡವರು ಕೆಲಸ ಸೇರಿದ ಮೇಲೆ ಮನೆಯಲ್ಲಿ ಉಳಿದವರು ಉಂಡು ಅಡ್ಡಾಗುವ ಹೊತ್ತು. ಬೀದಿ ನಾಯಿಗಳೂ ನೆರಳು ಹುಡುಕುತ್ತವೆ. ಪ್ರೋಗ್ರಾಮು ತನ್ನ ಪಾಡಿಗೆ ತಾನು ಕೆಲವು ಟವರುಗಳನ್ನು ಆಯ್ದು ಮಲಗಿಸತೊಡಗಿತು. ಮೊದಲ ವಾರವೇ ಮೀಟರು ಇಳಿಯಿತು. ಎರಡನೆಯ ವಾರ ಇನ್ನೂ ಇಳಿಯಿತು. ಒಂದು ದೂರೂ ಬರಲಿಲ್ಲ. ವಾಗೀಶ ತಮ್ಮ ಸ್ವಭಾವಕ್ಕೆ ವಿರುದ್ಧವಾಗಿ ಇಡೀ ಆಫೀಸಿಗೆ ಚುರುಮುರಿ ತರಿಸಿದರು. ಟವರುಗಳ ಯಂತ್ರ ನೋಡಿಕೊಳ್ಳುವ ಭಾನುಪ್ರಿಯಾ ಪೊಟ್ಟಣ ಬಿಚ್ಚುತ್ತ, "ಹೀಗೇ ಹೋದ್ರೆ ಟವರುಗಳಿಗೆಲ್ಲ ಜೋಗುಳ ಹಾಡೋಳು ಅಂತ ನಿಂಗೆ ಪ್ರೈಜ್ ಕೊಡ್ತಾರೆ ಕಣೇ" ಎಂದು ಛೇಡಿಸಿದಳು. ಚಾಮುಂಡೇಶ್ವರಿಗೆ ನಗು ತಡೆಯಲಾಗಲಿಲ್ಲ. ಅಷ್ಟು ಖುಷಿಯಾಗಿದ್ದಳು.

ಅದಾದ ಮೇಲಿನ ಗುರುವಾರ ಸಂಜೆ ಅವಳು ಮನೆಗೆ ಬಂದಾಗ ಮಾದೇವಮ್ಮ ಜಗಲಿಯ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಹುಚ್ಚಯ್ಯ ಏನೂ ತೋಚದೆ ನಿಂತಿದ್ದರು.

"ಯಾಕವ್ವ, ಅಂಗೆ ಕೂತ್ಬುಟ್ಟಿದೀಯ?"

ಮಾದೇವಮ್ಮ ಶಾರದ ಅನ್ನುವವರು ನಡೆಸುತ್ತಿದ್ದ ಶಿಶುವಿಹಾರದಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಎರಡು ಬೀದಿ ಆಚೆ, ದೊಡ್ಡ ಹೊಂಗೆ ಮರದ ಮನೆ. ಆವತ್ತು ಮಧ್ಯಾಹ್ನ ಮಕ್ಕಳು ಉಂಡು ಮಲಗಿದ್ದಾಗ, ಅಕ್ಕಿ ಮೂಟೆ ಎಳೆದರೆ ಅದರ ಹಿಂದೆ ನಾಗರಹಾವು ಹೆಡೆ ಎತ್ತಿ ನಿಂತಿತ್ತು.

"ಮಂಟೇಸ್ವಾಮಿಗೆ ಫೋನ್ ಮಾಡುದ್ನವ್ವ. ಒಂದ್ಸಲ ಅಲ್ಲ, ಎಷ್ಟ್ ಸಲ. ಶಾರದಮ್ಮೋರೂ ಮಾಡುದ್ರು. ಅದೇ ಹೆಣ್ಣು ದನಿ. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ.' ಪಕ್ಕದ್ ಕ್ವಾಣೇಲಿ ಕೂಸ್ಗೋಳು ಮನಗವೆ. ಹಾವು ಬಾಗ್ಲ ಕಡೆ ತಿರುಗ್ಬುಡ್ತು. ಕರಿಬಸವಯ್ಯ ಇನ್ನು ಕಾಯಕ್ಕಾಗಲ್ಲ ಅಂತ ಪೊರಕೆ ಇಡ್ಕೊಂಡು ತಳ್ಳಕ್ಕೋದ..."

ಮಂಟೇಸ್ವಾಮಿ ಆ ಕಡೆಯವರಿಗೆಲ್ಲ ಗೊತ್ತಿದ್ದ ಹಾವು ಹಿಡಿಯುವವನು. ಹೊಟ್ಟೆಪಾಡಿಗೆ ಸ್ಕೂಟರು ರಿಪೇರಿ ಅಂಗಡಿ ಇಟ್ಟಿದ್ದ. ಹಾವು ಅಂತ ಫೋನು ಬಂದರೆ ಸ್ಪ್ಯಾನರು ಅಲ್ಲೇ ಬಿಸಾಡಿ ಬರುತ್ತಿದ್ದ. ಕರಿಬಸವಯ್ಯ ಶಿಶುವಿಹಾರದ ವ್ಯಾನಿನ ಡ್ರೈವರು. ಹಾವು ಅವನ ಮುಂಗೈಗೆ ಕಚ್ಚಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದರು. ಔಷಧಿ ಏರಿಸಿದ್ದಾರೆ, ಉಳಿದುಕೊಳ್ಳುತ್ತಾನೆ ಎಂದು ಡಾಕ್ಟರು ಹೇಳಿದ್ದಾರಂತೆ, ಆದರೆ ಕೈ ಊದಿ ಕುಂಬಳಕಾಯಾಗಿದೆಯಂತೆ. ಮಕ್ಕಳಿಗೆ ಏನೂ ಆಗಿರಲಿಲ್ಲ. ಹಾವು ಮೋರಿ ಹಿಡಿದು ಹೋಗಿತ್ತು.

ಚಾಮುಂಡೇಶ್ವರಿ ಬ್ಯಾಗು ಜಗಲಿಯ ಮೇಲಿಟ್ಟಳು. "ಮಂಟೇಸ್ವಾಮಿ ಅಂಗಡಿ ಎಲ್ಲವ್ವ ಇರೋದು?"

"ಕೆರೆ ಕಡೆ ಇಳಿಜಾರಲ್ಲಿ. ಹೊಸ ಅಪಾರ್ಟ್‌ಮೆಂಟ್ ಕಟ್ಟವ್ರಲ್ಲ, ಅದರ ಹಿಂದ್ಗಡೆ. ಯಾಕೆ?"

ಯಾವ ಟವರು ಆ ಇಳಿಜಾರಿಗೆ ಮುಖ ಮಾಡಿದೆ ಅನ್ನುವುದು ಅವಳಿಗೆ ಬಾಯಿಪಾಠವಾಗಿತ್ತು. ಅದು ದಿನಾ ಮಧ್ಯಾಹ್ನ ತಪ್ಪದೆ ಮಲಗುತ್ತಿದ್ದ ಟವರು. ಇಡೀ ಪ್ರಯೋಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕರೆಂಟು ಉಳಿಸಿದ್ದು ಅದೇ.

ಮರುದಿನ ಬೆಳಿಗ್ಗೆ ವಾಗೀಶ ಬ್ಯಾಗು ಕೆಳಗಿಡುವ ಮುಂಚೆಯೇ ಅವಳು ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನಿಲ್ಲಿಸಿಬಿಡಿ. ಈಗಲೇ."

"ರಾತ್ರಿಯೇ ನಿಲ್ಲಿಸಿದೀನಿ ಸಾರ್."

"ಸರಿ. ಮೇಲಿನವರಿಗೆ ನಾನು ತಿಳಿಸ್ತೀನಿ. ಆದ್ರೆ ಒಂದು ಮಾತು ಹೇಳ್ತೀನಿ ಕೇಳಿ. ಇದು ಗೊತ್ತಾದ ಮೇಲೆ ಅವರು ಎಲ್ಲಾ ಟವರೂ ಯಾವಾಗ್ಲೂ ಆನ್ ಇರಲಿ ಅಂತಾರೆ. ಇನ್ನು ಹತ್ತು ವರ್ಷ ಈ ವಿಷಯ ಯಾರೂ ಎತ್ತೋ ಹಾಗಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಚಾಮುಂಡೇಶ್ವರಿಗೆ ಅದೇ ಹೆಚ್ಚು ನೋವಾಯಿತು.

ಮಧ್ಯಾಹ್ನ ಅವಳು ಆಸ್ಪತ್ರೆಗೆ ಹೋದಳು. ಕರಿಬಸವಯ್ಯ ದಿಂಬಿನ ಮೇಲೆ ಕೈ ಚಾಚಿಕೊಂಡು ಮಲಗಿದ್ದ. ಕೈ ಅವನದಲ್ಲ ಅನ್ನುವ ಹಾಗಿತ್ತು. ಶಾರದ ಪಕ್ಕದ ಸ್ಟೂಲಿನಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದರು. ಚಾಮುಂಡೇಶ್ವರಿ ಸುತ್ತಿಬಳಸದೆ ಹೇಳಿದಳು. ಮಂಟೇಸ್ವಾಮಿಯ ಫೋನು ಸತ್ತದ್ದು ತನ್ನ ಕೆಲಸದಿಂದ, ಕರೆಂಟು ಉಳಿಸಲೆಂದು ಆ ಟವರನ್ನು ಮಲಗಿಸಿದವಳು ತಾನೇ ಎಂದಳು.

ಶಾರದ ಸುಲಿಯುವುದನ್ನು ನಿಲ್ಲಿಸಿದರು. "ಮಾದೇವಮ್ಮನ ಮಗಳಲ್ವೇನಮ್ಮ ನೀನು? ನಿನ್ನ ಕರೆಂಟೇನೋ ಉಳೀತು. ಆ ಕೋಣೆಯಲ್ಲಿ ಮಕ್ಕಳು ಮಲಗಿದ್ರು ಅನ್ನೋದು ನಿನ್ನ ಕಂಪ್ಯೂಟರಿಗೆ ಗೊತ್ತಿತ್ತಾ?"

"ಇಲ್ಲ ಮೇಡಂ."

"ಗೊತ್ತಿಲ್ಲದ ಮೇಲೆ ಯಾಕೆ ಆರಿಸಿದ್ದು?"

ಕರಿಬಸವಯ್ಯನೇ ನಡುವೆ ಬಾಯಿ ಹಾಕಿದ. "ಬುಡ್ರಮ್ಮ ಅತ್ಲಾಗೆ. ಪೊರಕೆ ಇಡ್ದು ಕೈ ಆಕಿದ್ದು ನಾನು, ಟವರಲ್ಲ. ನಮ್ಮನೇಲಿ ಕಸ ಗುಡ್ಸಿ ಅಂದ್ರೂ ಪೊರಕೆ ಮುಟ್ದವ್ನಲ್ಲ, ಆವತ್ತೊಂದಿನ ಮುಟ್ಟಿ ಇಂಗಾಯ್ತು. ನನ್ ಹೆಂಡ್ರು ಇನ್ಮೇಲೆ ಗುಡ್ಸು ಅನ್ನಲ್ಲ, ಅಷ್ಟು ಲಾಭ." ಶಾರದರಿಗೆ ನಗು ಬರಲಿಲ್ಲ. ಆದರೂ ಸುಲಿದ ಮೂಸಂಬಿಯಲ್ಲಿ ಒಂದು ತೊಳೆ ಹುಡುಗಿಯ ಕಡೆ ಚಾಚಿದರು.

ಅಲ್ಲಿಂದ ನೇರ ಇಳಿಜಾರಿಗೆ ಸ್ಕೂಟರು ಬಿಟ್ಟಳು. ಮಂಟೇಸ್ವಾಮಿಯ ಅಂಗಡಿ ಅಂದರೆ ತಗಡಿನ ಮಾಡು, ಬಿಚ್ಚಿ ಹರವಿದ ಸ್ಕೂಟರುಗಳು, ಗೋಡೆಗೆ ಒರಗಿಸಿದ ಹಾವು ಹಿಡಿಯುವ ಕೋಲು. ಅವನು ನಲವತ್ತರ ಆಸುಪಾಸಿನ, ದಪ್ಪ ಮೀಸೆಯ ಆಳು. ವಿಷಯ ಕೇಳುತ್ತಿದ್ದ ಹಾಗೆ ಅವನ ಮುಖ ಕೆಂಪಾಯಿತು.

"ಓಹೋ, ಅದು ನೀವೇಯಾ? ಎರಡು ವಾರದಿಂದ ಊಟ ಆಗ್ತಿದ್ದಂಗೆ ಫೋನು ಹೆಣ ಬಿದ್ದಂಗೆ ಬೀಳ್ತಿತ್ತು. ಹಾಳಾಗೋಯ್ತು ಅಂತ ರಿಪೇರಿಗೆ ಕೊಟ್ಟೆ. ಅವನು ಬಿಚ್ಚಿ ನೋಡಿ, ಏನೂ ಆಗಿಲ್ಲ, ನಿಮ್ಮ ಕೈಗುಣ ಸರಿಯಿಲ್ಲ ಅಂದ! ನಾನು ಊರಿಗೆಲ್ಲ ಯಾವಾಗ್ಲಾದ್ರೂ ಫೋನ್ ಮಾಡಿ ಅಂತ ಹೇಳ್ಕೊಂಡು ಓಡಾಡ್ತೀನಿ ಕಣ್ರೀ. ಆವತ್ತು ಬೀಡಿ ತರಕ್ಕೆ ಮೇಲಕ್ಕೆ ಹೋದಾಗ ಟಣ್ ಟಣ್ ಅಂತ ಮೆಸೇಜು ಬಂದ್ವು. ಓಡಿದೆ. ಅಷ್ಟೊತ್ತಿಗೆ ಆಟೋ ಆಸ್ಪತ್ರೆಗೆ ಹೊರಟಿತ್ತು." ಅವನ ದನಿ ಇದ್ದಕ್ಕಿದ್ದ ಹಾಗೆ ಇಳಿಯಿತು. "ಶಾರದಮ್ಮೋರು ನನ್ನ ಮುಖ ನೋಡಿದ ನೋಟ ಇನ್ನೂ ಕಣ್ಮುಂದೈತೆ."

"ದೂರು ಯಾಕೆ ಕೊಡ್ಲಿಲ್ಲ ನೀವು?"

"ಯಾವುದ್ರಲ್ಲಿ ಕೊಡ್ಲಿ? ಫೋನೇ ಸತ್ತಿತ್ತಲ್ಲ!"

ಅವನು ಸಿಟ್ಟಿನಲ್ಲಿ ಅಂದ ಮಾತದು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ಇನ್ನು ಟವರು ಮಲಗುವುದಿಲ್ಲ ಎಂದು ಹೇಳಿ, ಹೊರಟಳು.

ಆಫೀಸಿಗೆ ಬಂದು ಆ ಟವರಿನ ಹಿಂದಿನ ದಾಖಲೆ ತೆರೆದು ಕೂತಳು. ಪ್ರಯೋಗ ಶುರುವಾಗುವ ಮುಂಚೆ ಮಧ್ಯಾಹ್ನದ ಹೊತ್ತು ಅಲ್ಲಿ ಕೆಲವೇ ಫೋನುಗಳು ಇರುತ್ತಿದ್ದವು, ಚಿಕ್ಕಪುಟ್ಟ ಕರೆಗಳು. ಮೊದಲ ದಿನ ಪ್ರೋಗ್ರಾಮು ಅದನ್ನು ನೋಡಿ ಮಲಗಿಸಿತ್ತು. ಮರುದಿನದಿಂದ ದಾಖಲೆಯಲ್ಲಿ ಆ ಇಳಿಜಾರಿನ ಎದುರು ಇದ್ದದ್ದು ಸೊನ್ನೆ. ದಿನಾ ಸೊನ್ನೆ. ಸೊನ್ನೆ ಕಂಡ ಪ್ರೋಗ್ರಾಮು ಇನ್ನಷ್ಟು ಧೈರ್ಯದಿಂದ, ಇನ್ನಷ್ಟು ಹೊತ್ತು ಮಲಗಿಸಿತ್ತು.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಅಲ್ಲಿ ಯಾರೂ ಇಲ್ಲದೆ ಸೊನ್ನೆ ಬಂದದ್ದಲ್ಲ. ಇದ್ದವರ ಸದ್ದು ಹೊರಗೆ ಬರಲು ದಾರಿಯೇ ಇರಲಿಲ್ಲ. ಪಕ್ಕದ ಟವರಿನ ದನಿಯನ್ನು ಆ ಹೊಸ ಅಪಾರ್ಟ್‌ಮೆಂಟು ಅಡ್ಡ ನಿಂತು ತಡೆದಿತ್ತು. ಕಿವಿ ಮುಚ್ಚಿಕೊಂಡು, ಏನೂ ಕೇಳಿಸುತ್ತಿಲ್ಲವಲ್ಲ, ಎಲ್ಲರೂ ಸುಖವಾಗಿದ್ದಾರೆ ಎಂದು ತೀರ್ಮಾನಿಸುವ ಯಂತ್ರವನ್ನು ತಾನು ಕಟ್ಟಿದ್ದಳು. ದೂರೇ ಬರಲಿಲ್ಲ ಎಂದು ಎಲ್ಲರೂ ಚುರುಮುರಿ ತಿಂದಿದ್ದರು!

ಭಾನುಪ್ರಿಯಾಗೆ ತೋರಿಸಿದಳು. ಇಬ್ಬರೂ ವಾಗೀಶರ ಬಳಿ ಹೋದರು.

ವಾಗೀಶ ದಾಖಲೆಯನ್ನು ಸಾಲು ಸಾಲಾಗಿ ನೋಡಿದರು. "ಇದು ಒಂದು ಟವರಿನ ಕತೆ. ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನು ನಡೆಸಿದರೆ? ಮೇಲಿನವರನ್ನು ಹಾಗೆ ಒಪ್ಪಿಸಬಹುದೋ ಏನೋ."

"ಮಂಟೇಸ್ವಾಮಿ ಇರೋದು ನಮಗೆ ಗೊತ್ತಾಗಿದ್ದು ಹಾವು ಬಂದಿದ್ದಕ್ಕೆ ಸಾರ್. ಗೊತ್ತಾಗದೇ ಇರೋರು ಎಷ್ಟು ಜನ ಇದಾರೋ. ಒಬ್ಬ ಸೂಲಗಿತ್ತಿ ಇರಬಹುದು, ಒಬ್ಬರೇ ಇರೋ ಅಜ್ಜಿ ಇರಬಹುದು. ದಿನಕ್ಕೊಂದು ಕರೆ, ಅಷ್ಟೇ ಅವರ ಬಳಕೆ. ಲೆಕ್ಕಕ್ಕೇ ಬರಲ್ಲ."

"ಹಾಗಾದ್ರೆ ಮಲಗಿಸೋದೇ ಬೇಡವಾ?"

"ಮಲಗಿಸೋದು ಬೇಡ," ಎಂದಳು ಚಾಮುಂಡೇಶ್ವರಿ. ಮಾತು ಬಾಯಿಂದ ಬಂದ ಮೇಲೆ ಅದರ ಹಿಂದೆಯೇ ಇನ್ನೊಂದು ಬಂತು. "ತೂಕಡಿಸಲಿ."

ಅವಳೇನು ಹೇಳುತ್ತಿದ್ದಾಳೆ ಅನ್ನುವುದು ಮೊದಲು ಹೊಳೆದದ್ದು ಭಾನುಪ್ರಿಯಾಗೆ. ಟವರಿನ ನೆತ್ತಿಯ ಮೇಲಿರುವುದು ಒಂದೇ ಬಾಯಲ್ಲ, ಹಲವು. ಅವುಗಳಲ್ಲಿ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ಮುಚ್ಚಬಹುದು. ಆ ಒಂದು ಬಾಯಿಯೂ ಸದಾ ಕೂಗಬೇಕಿಲ್ಲ; ಆಗಾಗ 'ಇದ್ದೀನಿ' ಎಂದರೆ ಸಾಕು, ಸುತ್ತಲಿನ ಫೋನುಗಳು ಕೈ ಬಿಡುವುದಿಲ್ಲ. ಕರೆ ಬಂದ ಕೂಡಲೇ ಯಾದವಗಿರಿಯ ಮಿದುಳು ಅದನ್ನು ತಟ್ಟಿ ಎಬ್ಬಿಸಬೇಕು.

"ಎಬ್ಬಿಸೋದಕ್ಕೆ ಎಷ್ಟು ಹೊತ್ತಾಗುತ್ತೆ?" ಕೇಳಿದರು ವಾಗೀಶ.

"ಆ ಕಡೆ ಮೊದಲನೇ ರಿಂಗ್ ಆಗೋದ್ರೊಳಗೆ," ಎಂದಳು ಭಾನುಪ್ರಿಯಾ. ಆಮೇಲೆ ಚಾಮುಂಡೇಶ್ವರಿಯ ಕಡೆ ತಿರುಗಿ ಮೆಲ್ಲಗೆ, "ಆಗ್ಬೇಕು" ಎಂದು ಸೇರಿಸಿದಳು.

ವಾಗೀಶ ಕಾಗದದ ಮೇಲೆ ಏನೋ ಲೆಕ್ಕ ಹಾಕಿದರು. ಕಡೆಗೆ, "ಒಂದು ಟವರು. ಆ ಇಳಿಜಾರಿನದೇ. ಅಲ್ಲಿನ ಜನಕ್ಕೆ ಮುಂಚೆ ಹೇಳಿ, ಅವರು ಒಪ್ಪಿದರೆ ಮಾತ್ರ. ಮೇಲಿನವರ ಹತ್ತಿರ ನಾನು ಜಗಳ ಆಡ್ತೀನಿ" ಎಂದರು. ವಾಗೀಶ ಜಗಳ ಆಡುವುದನ್ನು ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಆವತ್ತು ಸಂಜೆ ಅವರ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗಿನಿಂದ ಜೋರು ದನಿ ಬರುತ್ತಿತ್ತು, ಮತ್ತು ಮಾರನೆಯ ದಿನ ಒಪ್ಪಿಗೆ ಬಂತು.

ಜನವನ್ನು ಒಪ್ಪಿಸುವುದು ಮೇಲಿನವರನ್ನು ಒಪ್ಪಿಸಿದಷ್ಟು ಸಲೀಸಾಗಲಿಲ್ಲ. ಚಾಮುಂಡೇಶ್ವರಿ ಇಳಿಜಾರಿನ ಮನೆ ಮನೆಗೂ ಹೋದಳು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು, ಕೆಲವರು ಮಜ್ಜಿಗೆ ಕೊಟ್ಟರು. ಒಬ್ಬರು, ನಮ್ಮ ಸೊಸೆ ಇಡೀ ದಿನ ಫೋನಲ್ಲೇ ಇರ್ತಾಳೆ, ಟವರನ್ನು ಪೂರ್ತಿ ಆರಿಸಿಬಿಡಿ ಎಂದು ಗುಟ್ಟಾಗಿ ಬೇಡಿಕೊಂಡರು. ಶಾರದ ಎಲ್ಲವನ್ನೂ ಕೇಳಿ, "ಆ ಹೊತ್ತಲ್ಲಿ ನೀನೇ ಮಂಟೇಸ್ವಾಮಿ ಅಂಗಡೀಲಿ ಕೂತಿರ್ತೀಯಾ?" ಎಂದರು. "ಕೂತಿರ್ತೀನಿ" ಅಂದಳು. "ಹಾಗಾದ್ರೆ ಮಾಡು."

ಮಂಟೇಸ್ವಾಮಿಯೇ ಕೊನೆಗೆ ಉಳಿದವನು. "ಇನ್ನೊಂದು ಸಲ ನನ್ನ ಮಾನ ಕಳೀಬ್ಯಾಡಿ ಕಣ್ರೀ," ಅಂದ.

"ಬೇರೆ ಕಂಪನಿದು ಒಂದು ಫೋನು ತಂದು ನಿಮ್ಮ ಪಕ್ಕದಲ್ಲೇ ಇಡ್ತೀನಿ. ಆ ನಂಬರನ್ನೂ ಎಲ್ಲರಿಗೂ ಕೊಡೋಣ. ನಿಮ್ಮ ಫೋನು ಬಾಯಿ ಬಿಡದೇ ಇದ್ರೆ ಆವತ್ತೇ ನಾನು ಈ ಕೆಲಸ ಬಿಟ್ಟು ನಿಮ್ಮ ಅಂಗಡೀಲಿ ಪಂಕ್ಚರ್ ಹಾಕ್ತೀನಿ."

"ಪಂಕ್ಚರ್ ಹಾಕಕ್ಕೂ ಕಲೀಬೇಕು, ಸುಮ್ನೆ ಬರಲ್ಲ," ಅಂದ ಅವನು. ಮೀಸೆ ಮಾತ್ರ ಸ್ವಲ್ಪ ಅಲುಗಿತು.

ಸೋಮವಾರ ಮಧ್ಯಾಹ್ನ ಅವಳು ಅಂಗಡಿಯ ಹಳೇ ಟೈರಿನ ಮೇಲೆ ಕೂತಿದ್ದಳು. ತಗಡು ಕಾದು ಚಟಪಟ ಅನ್ನುತ್ತಿತ್ತು. ಮಂಟೇಸ್ವಾಮಿ ಒಂದು ಸ್ಕೂಟರಿನ ಕಾರ್ಬುರೇಟರು ಬಿಚ್ಚಿದ್ದ, ಕಣ್ಣು ಮಾತ್ರ ಫೋನಿನ ಮೇಲೇ ಇತ್ತು. ಬೇರೆ ಕಂಪನಿಯ ಫೋನಿನಲ್ಲಿ ಯಾದವಗಿರಿಯಿಂದ ಭಾನುಪ್ರಿಯಾ ಹೇಳಿದಳು, "ತೂಕಡಿಕೆ ಶುರು." ಚಾಮುಂಡೇಶ್ವರಿ ನೋಡಿದಳು. ಮಂಟೇಸ್ವಾಮಿಯ ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆ ಉಳಿದಿತ್ತು. ಒಂದೇ ಒಂದು, ಆದರೆ ಇತ್ತು.

ಹೊತ್ತು ಹೋಯಿತು. ಯಾರೂ ಕರೆ ಮಾಡಲಿಲ್ಲ. ನಾವೇ ಮಾಡಿ ನೋಡೋಣವೇ ಎಂದು ಅವಳು ಕೇಳಿದರೆ, "ಬ್ಯಾಡ, ತಾನಾಗಿ ಬರ್ಲಿ, ಆವಾಗ್ಲೇ ನಂಬೋದು" ಎಂದ. ಎದುರಿಗೆ ಒಂದು ಮುಂಗುಸಿ ರಸ್ತೆ ದಾಟಿ ಬೇಲಿ ಸೇರಿತು.

ಥಟ್ಟನೆ ಫೋನು ರಿಂಗಾಯಿತು. ಮಂಟೇಸ್ವಾಮಿ ಗ್ರೀಸು ಮೆತ್ತಿದ ಕೈಯಲ್ಲೇ ಎತ್ತಿದ. ಸ್ಪೀಕರಿನಲ್ಲಿ ಒಂದು ಹೆಣ್ಣು ದನಿ ಉತ್ಸಾಹದಿಂದ ಉಲಿಯಿತು: "ಅಭಿನಂದನೆಗಳು! ನಿಮ್ಮ ಮೆಚ್ಚಿನ ಹಾಡನ್ನು ಕಾಲರ್ ಟ್ಯೂನ್ ಮಾಡಿಕೊಳ್ಳಲು ಒಂದನ್ನು ಒತ್ತಿ..."

ಅವನು ಫೋನನ್ನು ನೋಡಿದ. ಅವಳ ಮುಖ ನೋಡಿದ. "ಥೂ, ಇವಳ ಮನೆ ಕಾಯೋಗ!" ಎಂದು ಬೈಯಲು ಬಾಯಿ ತೆರೆದವನು, ಅರ್ಧದಲ್ಲೇ ನಿಲ್ಲಿಸಿ ಗಹಗಹಿಸಿ ನಕ್ಕುಬಿಟ್ಟ. "ತಾಯೀ, ಮಹಾತಾಯೀ, ದಿನಾ ಇದೇ ಹೊತ್ತಿಗೆ ಮಾಡವ್ವ!" ಎಂದು ಆ ಯಂತ್ರದ ದನಿಗೆ ಕೈ ಮುಗಿದ. ಚಾಮುಂಡೇಶ್ವರಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅತ್ತ ಭಾನುಪ್ರಿಯಾ, "ಎದ್ದಿತು ಕಣೇ, ಎದ್ದಿತು! ರಿಂಗಿಗೆ ಮುಂಚೆ ಎದ್ದಿತು!" ಎಂದು ಕೂಗುತ್ತಿದ್ದಳು.

ನಿಜವಾದ ಕರೆ ಬಂದದ್ದು ಅದೇ ವಾರದ ಕೊನೆಯಲ್ಲಿ, ಟವರು ತೂಕಡಿಸುವ ಹೊತ್ತಿಗೇ; ಆವತ್ತೂ ಅವಳು ಟೈರಿನ ಮೇಲೆ ಕೂತಿದ್ದಳು. ಪಂಚಮಂತ್ರ ರಸ್ತೆಯ ಕಡೆಯ ಒಂದು ಮನೆಯಿಂದ, ಗಾಬರಿಯ ಗಂಡಸಿನ ದನಿ: ವಾಷಿಂಗ್ ಮೆಷೀನಿನ ಹಿಂದೆ ಹಾವು. ಮೊದಲ ರಿಂಗಿಗೇ ಎತ್ತಿದ ಮಂಟೇಸ್ವಾಮಿ, "ಬಾಗಿಲು ಹಾಕಿ, ದೂರ ನಿಂತ್ಕೊಳ್ಳಿ, ಯಾರೂ ಪೊರಕೆ ಮುಟ್ಬ್ಯಾಡಿ, ಬಂದೆ" ಎಂದು ಎದ್ದ. ಅವನ ಸ್ಕೂಟರು ಅಷ್ಟು ಹೊತ್ತಿಗೆ ಬಿಚ್ಚಿ ಬಿದ್ದಿತ್ತು. ಚಾಮುಂಡೇಶ್ವರಿ ತನ್ನದನ್ನು ಸ್ಟಾರ್ಟ್ ಮಾಡಿದಳು. ಹಿಂದೆ ಅವನು ಕೋಲು ಹಿಡಿದು ಕೂತ, ಚೀಲ ಅವಳ ಕೊರಳಿಗೆ ನೇತು ಬಿತ್ತು.

ಕೇರೆ ಹಾವು, ವಿಷವಿಲ್ಲದ್ದು. ಆದರೂ ಒಂದು ಮಾರು ಉದ್ದ. ಅವನು ಅದನ್ನು ಎತ್ತಿ ಚೀಲಕ್ಕೆ ಇಳಿಸುವ ನಾಜೂಕು ನೋಡಲು ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ಮನೆಯವರು ಫೋನಿನಲ್ಲಿ ಚಿತ್ರ ತೆಗೆದರು; ಹಾವಿಗೆ ಬೇಸರವಾಗುವಷ್ಟು ತೆಗೆದರು. ಆಮೇಲೆ ಅರಣ್ಯ ಇಲಾಖೆಯವರು ತೋರಿಸಿದ್ದ ಕೆರೆಯಂಚಿನ ಪೊದೆಯಲ್ಲಿ ಅದನ್ನು ಬಿಟ್ಟರು. ಅದು ಹಿಂದೆ ತಿರುಗಿ ನೋಡದೆ ಹರಿದುಹೋಯಿತು.

"ನಿಮ್ಮ ಟವರು ಪರ್ವಾಗಿಲ್ಲ," ಎಂದ ಮಂಟೇಸ್ವಾಮಿ, ಚೀಲ ಕೊಡವುತ್ತ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ತಿಂಗಳು ಕಳೆದು ಮೀಟರು ನೋಡಿದಾಗ, ತೂಕಡಿಸುವ ಟವರು ಮಲಗಿದ ಟವರಿಗಿಂತ ಕಡಿಮೆ ಉಳಿಸಿತ್ತು. ಅದನ್ನು ಚಾಮುಂಡೇಶ್ವರಿ ಮೊದಲೇ ಹೇಳಿದ್ದಳು. ಆದರೆ ಮಲಗಿಸಬಹುದಾದ ಟವರುಗಳು ಅಲ್ಲೊಂದು ಇಲ್ಲೊಂದು. ತೂಕಡಿಸುವುದಕ್ಕೆ ಅಂಥ ಅಡ್ಡಿಯಿರಲಿಲ್ಲ. ಯಾರ ಕೈಯೂ ಬಿಡದ ಮೇಲೆ ಎಲ್ಲವನ್ನೂ ತೂಕಡಿಸಲು ಬಿಡಬಹುದಿತ್ತು. ಅವು ತೂಕಡಿಸುವ ಹೊತ್ತಿನಲ್ಲಿ ಯಾದವಗಿರಿಯ ಮಿದುಳುಗಳಿಗೂ ಕೆಲಸ ಕಡಿಮೆ. ಇದ್ದ ಕೆಲಸವನ್ನೆಲ್ಲ ಒಂದೆರಡು ಸಾಲಿಗೆ ಒಟ್ಟುಮಾಡಿ ಮಿಕ್ಕ ಸಾಲುಗಳನ್ನು ಆರಿಸಿದರೆ ಏಸಿಯೂ ಇಳಿಯುತ್ತಿತ್ತು. ಒಟ್ಟು ಕೂಡಿಸಿ ನೋಡಿದರೆ ಮೊದಲಿಗಿಂತ ಹೆಚ್ಚೇ ಉಳಿತಾಯ. ಭಾನುಪ್ರಿಯಾ ಆ ಸಾಲುಗಳನ್ನು ಮೊದಲ ಸಲ ಆರಿಸಿದ ಮಧ್ಯಾಹ್ನ, ಸದಾ ಗುಂಯ್ ಅನ್ನುತ್ತಿದ್ದ ಹಾಲು ಎಷ್ಟು ನಿಶ್ಶಬ್ದವಾಯಿತೆಂದರೆ, ಹೊರಗಿನ ಮರದಲ್ಲಿ ಗಿಳಿಗಳು ಕಿರುಚುವುದು ಒಳಗೆ ಕೇಳಿಸಿತು. ಅಲ್ಲಿ ಗಿಳಿಗಳಿವೆ ಅನ್ನುವುದೇ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕರಿಬಸವಯ್ಯ ಕೆಲಸಕ್ಕೆ ಮರಳಿದ. ಎರಡು ಬೆರಳು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ದಿನಾ ರಬ್ಬರ್ ಚೆಂಡು ಹಿಸುಕಬೇಕು ಎಂದಿದ್ದರು ಡಾಕ್ಟರು. ವ್ಯಾನಿನ ಮಕ್ಕಳು ಸರದಿಯ ಮೇಲೆ ಚೆಂಡು ಕೊಡುತ್ತಿದ್ದವು, ಗಾಯದ ಗುರುತನ್ನು ಸರದಿಯ ಮೇಲೆ ಮುಟ್ಟುತ್ತಿದ್ದವು. ಶಾರದ ಅಕ್ಕಿ ಮೂಟೆ ಇಡಲು ಎತ್ತರದ ಕಟ್ಟೆ ಕಟ್ಟಿಸಿದರು, ಮೋರಿಗೆ ಜಾಲರಿ ಹಾಕಿಸಿದರು. ಒಂದು ದಿನ ಮಾದೇವಮ್ಮನ ಕೈಯಲ್ಲಿ ಡಬ್ಬಿ ತುಂಬ ಕೋಡುಬಳೆ ಕಳಿಸಿ, "ನಿನ್ನ ಮಗಳಿಗೆ" ಎಂದಷ್ಟೇ ಹೇಳಿದರಂತೆ.

"ಬ್ಯಾರೆ ಏನೂ ಅನ್ಲಿಲ್ವ?" ಕೇಳಿದಳು ಚಾಮುಂಡೇಶ್ವರಿ.

"ಇನ್ನೇನಂದಾರು? ತಿನ್ನು ಸುಮ್ನೆ," ಎಂದಳು ಮಾದೇವಮ್ಮ.

ಮಳೆಗಾಲ ಶುರುವಾಗುವ ಹೊತ್ತಿಗೆ ಇಡೀ ಕುವೆಂಪುನಗರ ಮಧ್ಯಾಹ್ನದ ಹೊತ್ತು ತೂಕಡಿಸಲು ಕಲಿತಿತ್ತು. ವಾಗೀಶ ಅವಳನ್ನು ಕರೆದು, "ಮುಂದಿನದು ಜಯಲಕ್ಷ್ಮಿಪುರಂ. ಸೋಮವಾರ ಶುರು ಮಾಡಬಹುದಾ?" ಎಂದರು.

"ಸೋಮವಾರ ಆಗಲ್ಲ ಸಾರ್. ಮೊದಲು ನಡೆದು ನೋಡ್ಬೇಕು."

"ಎಷ್ಟು ದಿನ?"

"ಬೀದಿ ಮುಗಿಯೋವರೆಗೆ."

ವಾಗೀಶ ಕನ್ನಡಕದ ಮೇಲಿನಿಂದ ನೋಡಿದರು. ಬೇಡ ಅನ್ನುತ್ತಾರೇನೋ ಎಂದುಕೊಂಡಳು. ಅವರು ಡ್ರಾಯರು ಎಳೆದು, ತಮ್ಮ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ನಮ್ಮ ಮನೆ ಇರೋದೂ ಅಲ್ಲೇ. ಹಿಂದಿನ ಸಂದಿಗಳೆಲ್ಲ ನಂಗೆ ಗೊತ್ತು. ನಾನೂ ಬರ್ತೀನಿ ನಡೀರಿ" ಎಂದರು.

ಹೊರಗೆ ಸಣ್ಣಗೆ ಹನಿಯುತ್ತಿತ್ತು. ಇಬ್ಬರೂ ಒಂದೊಂದು ಫೋನು ಹಿಡಿದು, ಜಯಲಕ್ಷ್ಮಿಪುರಂನ ಮೊದಲ ಬೀದಿಯ ಮೊದಲ ಗೇಟಿನ ಮುಂದೆ ನಿಂತರು. ಒಳಗಿನಿಂದ ಒಬ್ಬ ಹೆಂಗಸು, "ಯಾರು ಬೇಕಿತ್ತು?" ಎಂದು ಕೇಳುತ್ತ ಬಾಗಿಲಿಗೆ ಬಂದಳು.

"ನೀವೇ ಬೇಕಿತ್ತು ಕಣ್ರೀ," ಎಂದಳು ಚಾಮುಂಡೇಶ್ವರಿ. "ಮಧ್ಯಾಹ್ನದ ಹೊತ್ತು ನಿಮ್ಮ ಫೋನು ಎಲ್ಲೆಲ್ಲಿ ಸಿಗುತ್ತೆ, ಸ್ವಲ್ಪ ತೋರಿಸ್ತೀರಾ?"